ಎಡಕ್ಕೆ ಉಳಿದ ಪಲ್ಯ

ಲಕ್ವ ಹೊಡೆದ ಹಿರಿಯರು ತಟ್ಟೆಯ ಬಲಕ್ಕಿದ್ದ ಮುದ್ದೆ ಮುಗಿಸಿ, ಎಡಕ್ಕಿದ್ದ ಪಲ್ಯವನ್ನು ಮುಟ್ಟದೆ, ‘ಪಲ್ಯವನ್ನೇ ಬಡಿಸಿಲ್ಲ’ ಎಂದು ಸಿಡುಕುವುದುಂಟು. ಮನೆಯವರಿಗೆ ಇದು ಹಟವೆನಿಸುತ್ತದೆ, ಇಲ್ಲವೇ ಕಣ್ಣಿನ ಪೊರೆ. ಪಾಂಡವಪುರಕ್ಕೋ ಕೆ.ಆರ್. ಪೇಟೆಗೋ ಹೋಗಿ ಕನ್ನಡಕದ ನಂಬರು ಬದಲಿಸಿದರೂ ಪಲ್ಯ ಉಳಿಯುತ್ತದೆ. ತಟ್ಟೆ ತಿರುಗಿಸಿಟ್ಟರೆ ಖಾಲಿಯಾಗುತ್ತದೆ.

ತೊಂದರೆ ಕಣ್ಣಿನದಲ್ಲ. ಮಿದುಳಿನ ಬಲ ಅರ್ಧ ಎರಡೂ ಬದಿಯ ಮೇಲೆ ಗಮನವಿಡುತ್ತದೆ; ಎಡ ಅರ್ಧ ಹೆಚ್ಚಾಗಿ ಬಲಬದಿಯನ್ನಷ್ಟೇ ನೋಡಿಕೊಳ್ಳುತ್ತದೆ. ಹಾಗಾಗಿ ಬಲ ಮಿದುಳಿಗೆ, ಅದರಲ್ಲೂ ಅದರ ಪೆರೈಟಲ್ ಭಾಗಕ್ಕೆ ಪೆಟ್ಟಾದರೆ, ಎಡಬದಿಯನ್ನು ಕೇಳುವವರೇ ಇಲ್ಲ. ದೃಷ್ಟಿಯ ಒಂದು ಪಾಲು ಮಾತ್ರ ಹೋದವರು ಸಾಮಾನ್ಯವಾಗಿ ಕತ್ತು ತಿರುಗಿಸಿ ಹುಡುಕುತ್ತಾರೆ. ಇವರಿಗೆ ಹುಡುಕಬೇಕೆಂದೇ ಅನಿಸದು.

ಕೈಗೆ ಪೆನ್ಸಿಲ್ ಕೊಟ್ಟರೆ ಇದು ಬಯಲಾಗುತ್ತದೆ. ಹೂವಿಗೆ ಬಲಗಡೆಯ ದಳಗಳಷ್ಟೇ; ರಂಗೋಲಿ ಹಾಕಿಸಿದರೂ ಎಡದ ಚುಕ್ಕಿಗಳು ಹಾಗೇ ಉಳಿದಾವು. ಜರ್ಮನಿಯ ಚಿತ್ರಕಾರ ಆಂಟನ್ ರೇಡರ್‌ಶೈಟ್‌ಗೆ 1967ರಲ್ಲಿ ಪಾರ್ಶ್ವವಾಯುವಾಯಿತು. ಆಮೇಲೆ ತನ್ನದೇ ಮುಖ ಬರೆದರೆ ಮೊದಮೊದಲು ಎಡ ಅರ್ಧ ಹೆಚ್ಚುಕಡಿಮೆ ಖಾಲಿ. ತಿಂಗಳುಗಳು ಕಳೆದಂತೆ ಅದು ತುಂಬುತ್ತ ಬಂತು. ವೈದ್ಯರ ವರದಿಗಿಂತ ಆ ಚಿತ್ರಗಳನ್ನೇ ನಾನು ಹೆಚ್ಚು ನಂಬುತ್ತೇನೆ.

ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿರುವ ಪೊಳ್ಳಿಲೂರು ಯುದ್ಧದ ಚಿತ್ರದ ಮುಂದೆ ಇಂಥವರನ್ನು ನಿಲ್ಲಿಸಿದರೆ ಅರ್ಧ ಸೈನ್ಯವೇ ಮಾಯವಾದೀತು. ಎದುರಿಗಿರುವ ಚಿತ್ರದ ಮಾತು ಇದಾಯಿತು, ನೆನಪಿನೊಳಗಿನದು? ಇಟಲಿಯ ಸಂಶೋಧಕರಾದ ಬಿಸಿಯಾಕ್ ಮತ್ತು ಲುಝಾಟ್ಟಿ 1978ರಲ್ಲಿ ಪ್ರಕಟಿಸಿದ ಪರೀಕ್ಷೆ ಅದನ್ನೇ ಕೇಳಿತ್ತು. ಮಿಲಾನಿನ ದೊಡ್ಡ ಚರ್ಚಿನ ಚೌಕ ರೋಗಿಗಳಿಗೆ ಚಿರಪರಿಚಿತ. ಚರ್ಚಿಗೆ ಎದುರಾಗಿ ನಿಂತಂತೆ ನೆನೆಸಿಕೊಳ್ಳಿ ಎಂದಾಗ ಅವರು ಬಲಗಡೆಯ ಕಟ್ಟಡಗಳನ್ನು ಹೇಳಿದರು. ಚರ್ಚಿಗೆ ಬೆನ್ನು ಹಾಕಿ ನಿಂತಂತೆ ಎಂದಾಗ, ಆಗ ಬಿಟ್ಟಿದ್ದವೆಲ್ಲ ಬಾಯಿಗೆ ಬಂದವು! ನಾಗಮಂಗಲದವರಾದರೆ ಸೌಮ್ಯಕೇಶವ ದೇವಸ್ಥಾನದ ಮುಂದಿನ ಬೀದಿಯನ್ನು ನೆನೆಸಿಕೊಳ್ಳಿ: ಗುಡಿಗೆ ಮುಖ ಮಾಡಿದರೆ ಒಂದು ಸಾಲಿನ ಮನೆಗಳು, ಬೆನ್ನು ಮಾಡಿದರೆ ಇನ್ನೊಂದು ಸಾಲು. ಊರು ಪೂರ್ತಿ ತಲೆಯಲ್ಲಿದೆ, ಒಮ್ಮೆಗೆ ಒಂದು ಮಗ್ಗುಲಷ್ಟೇ ಕೈಗೆ ಸಿಗುತ್ತದೆ.

ಲಕ್ವ ಹೊಡೆದ ಗಳಿಗೆಯಲ್ಲಿ ಆಸ್ಪತ್ರೆಗೆ ಓಡಬೇಕು, ಅದು ಬೇರೆ ಮಾತು. ಚೇತರಿಸಿಕೊಂಡು ಮನೆಗೆ ಬಂದವರನ್ನು ಗದರಬೇಡಿ. ಒಂದು ಹಾಳೆ ಕೊಟ್ಟು ಗಡಿಯಾರ ಬರೆಸಿ. ಅಂಕಿಗಳೆಲ್ಲ ಬಲಕ್ಕೇ ಒತ್ತಿಕೊಂಡು ಬಂದರೆ, ಆ ಹಾಳೆ ಸಮೇತ ಬಿ.ಜಿ. ನಗರದ ಮೆಡಿಕಲ್ ಕಾಲೇಜಿಗೋ ಮಂಡ್ಯದ ಮಿಮ್ಸ್‌ಗೋ ಕರೆದುಕೊಂಡು ಹೋಗಿ. ವೈದ್ಯರು ನೋಡಿ ಹೇಳುವವರೆಗೆ ಬೈಕಿನ ಕೀಲಿಯನ್ನು ಮಾತ್ರ ಅವರ ಕೈಗೆ ಕೊಡಬೇಡಿ.