ಗಡಿ ಭದ್ರತೆ, ಅಕ್ರಮ ವಲಸೆ ಹಾಗೂ ನಾಗರಿಕರ ಹೊಣೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಿಗೆ ಅಂತರರಾಷ್ಟ್ರೀಯ ಗಡಿಯಿಲ್ಲ. ಆದಾಗ್ಯೂ, ಬಾಂಗ್ಲಾದೇಶದ ಉಗ್ರಗಾಮಿ ಸಂಘಟನೆಯೊಂದರ ಪ್ರಮುಖನನ್ನು ರಾಷ್ಟ್ರೀಯ ತನಿಖಾ ದಳವು 2018ರ ಆಗಸ್ಟ್‌ನಲ್ಲಿ ಬಂಧಿಸಿದ್ದು ರಾಮನಗರದಲ್ಲಿ. ಗಡಿಯ ಕಾವಲೊಂದೇ ಸಾಲದೆಂಬುದಕ್ಕೆ ಇದು ನಿದರ್ಶನ.

ಹಳೆಯ ನಾಲ್ಕು ಕಾಯ್ದೆಗಳನ್ನು ರದ್ದುಪಡಿಸಿ, ವಲಸೆ ಮತ್ತು ವಿದೇಶಿಯರ ಕಾಯ್ದೆ, 2025ನ್ನು ದಿನಾಂಕ 01-09-2025ರಿಂದ ಜಾರಿಗೊಳಿಸಲಾಗಿದೆ. ಇದರನ್ವಯ, ಸಿಂಧುವಾದ ಪಾಸ್‌ಪೋರ್ಟ್ ಇಲ್ಲದೆ ದೇಶವನ್ನು ಪ್ರವೇಶಿಸುವ ವಿದೇಶಿಯರಿಗೆ 5 ವರ್ಷಗಳವರೆಗೆ ಕಾರಾಗೃಹ ವಾಸ, 5 ಲಕ್ಷ ರೂ.ಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ವಿದೇಶಿಯರಿಗೆ ವಸತಿ ಕಲ್ಪಿಸುವವರು ನೋಂದಣಿ ಅಧಿಕಾರಿಗೆ ಮಾಹಿತಿ ಸಲ್ಲಿಸತಕ್ಕದ್ದು.

ಆಧಾರ್ ಸಂಖ್ಯೆಯು ಪೌರತ್ವದ ಪುರಾವೆಯಲ್ಲ. ಅಂತೆಯೇ, ಬಂಗಾಳಿ ನುಡಿಯುವುದು ವಿದೇಶಿಯರೆಂಬುದಕ್ಕೆ ಪುರಾವೆಯಲ್ಲ. ಪಶ್ಚಿಮ ಬಂಗಾಳ, ಅಸ್ಸಾಂ ಮತ್ತು ತ್ರಿಪುರಾ ರಾಜ್ಯಗಳಲ್ಲಿ ಆ ಭಾಷೆಯನ್ನಾಡುವ ಕೋಟ್ಯಂತರ ಜನರು ಭಾರತದ ಪ್ರಜೆಗಳು. ಆದ್ದರಿಂದ ಸಂಶಯವಿದ್ದಲ್ಲಿ ಸಮೀಪದ ಪೊಲೀಸ್ ಠಾಣೆಗೆ ತಿಳಿಸಬೇಕೆಂದೂ, ಸ್ವತಃ ವಿಚಾರಣೆಗೆ ತೊಡಗಬಾರದೆಂದೂ ಸಾರ್ವಜನಿಕರಲ್ಲಿ ಕೋರಲಾಗಿದೆ.