ಅಗ್ಗದ ಪ್ರವಾಸವೂ ಅಜ್ಜಿಯ ನೀರಿನ ಬಾಟಲಿಯೂ

ಪರೀಕ್ಷೆ ಮುಗಿದು ಮಕ್ಕಳಿಗೆ ಬೇಸಗೆ ರಜೆ ಬಂತೆಂದರೆ ನನ್ನಲ್ಲಿಗೆ ಬರುವವರ ಮಾತಿನ ಧಾಟಿಯೇ ಬದಲಾಗುತ್ತದೆ. "ಡಾಕ್ಟ್ರೇ, ನಾಡಿದ್ದು ಟೂರ್ ಹೊರಟಿದ್ದೇವೆ. ವಾಂತಿಗೆ, ಭೇದಿಗೆ, ಜ್ವರಕ್ಕೆ ನಾಲ್ಕು ನಾಲ್ಕು ಮಾತ್ರೆ ಬರೆದುಕೊಡಿ" ಎನ್ನುತ್ತಾರೆ. ವಾರ ಕಳೆಯುವಷ್ಟರಲ್ಲಿ ಅದೇ ಮನೆಯ ಒಬ್ಬಿಬ್ಬರು ಮತ್ತೆ ಬರುತ್ತಾರೆ, ಈ ಸಲ ಇನ್ನೊಬ್ಬರ ಹೆಗಲು ಹಿಡಿದುಕೊಂಡು. ಪ್ರವಾಸದ ಖರ್ಚಿನ ಲೆಕ್ಕ ಹಾಕುವಾಗ ಈ ಎರಡನೆಯ ಭೇಟಿಯ ಖರ್ಚನ್ನು ಯಾರೂ ಸೇರಿಸುವುದಿಲ್ಲ.

ಬೇರೆಯವರ ಕತೆ ಏಕೆ, ನಮ್ಮ ಮನೆಯದನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಗುಲ್ವಾಡಿಯಿಂದ ನಾವು ಹನ್ನೊಂದು ಮಂದಿ ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಶೃಂಗೇರಿ, ಹೊರನಾಡು, ಧರ್ಮಸ್ಥಳ, ಸುಬ್ರಹ್ಮಣ್ಯ, ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರು. ನಾಲ್ಕು ದಿನಕ್ಕೆ ಎಂಟು ಊರು. ಬಾಡಿಗೆ ಹೇಗೂ ಕೊಡುತ್ತೇವೆ, ಇನ್ನೊಂದು ಊರು ಸೇರಿದರೆ ಲಾಭ ಎಂಬ ಲೆಕ್ಕ ನಮ್ಮದು. ಊರಿಗೆ ಮರಳಿದ ರಾತ್ರಿಯೇ ಅಮ್ಮನಿಗೆ ಮೈ ನಡುಗುವ ಚಳಿಜ್ವರ. ರಕ್ತದೊತ್ತಡ ಏರಿತ್ತು, ಮೂತ್ರದಲ್ಲಿ ಸೋಂಕಿತ್ತು. ಕೇಳಿದರೆ, "ದಾರಿ ಮೇಲೆ ಎಲ್ ಹೋಪುದ್ ಮಗಾ? ಅದ್ಕೇ ನೀರ್ ಕುಡಿಲಿಲ್ಲ" ಎಂದರು. ಬಿ.ಪಿ.ಗೆ ಕೊಡುತ್ತಿದ್ದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಇದ್ದುದರಿಂದ ಅದನ್ನೂ ನಾಲ್ಕು ದಿನ ನಿಲ್ಲಿಸಿದ್ದರು. ಆ ಮಾತ್ರೆ ಬರೆದುಕೊಟ್ಟವನೂ ನಾನೇ, ವ್ಯಾನಿನಲ್ಲಿ ಅವರ ಮುಂದಿನ ಸೀಟಿನಲ್ಲಿ ಕುಳಿತವನೂ ನಾನೇ. ಆಸ್ಪತ್ರೆಯ ಬಿಲ್ಲು ವ್ಯಾನಿನ ಬಾಡಿಗೆಯನ್ನೂ ಮೀರಿತು.

ಅಂದಿನಿಂದ ನನಗೊಂದು ಮಾತು ಖಚಿತವಾಗಿದೆ. ಪ್ರವಾಸದ ಯೋಜನೆಯನ್ನು ನಕ್ಷೆಯಿಂದ ಶುರು ಮಾಡಬಾರದು, ಮನೆಯಲ್ಲಿ ಎಲ್ಲರಿಗಿಂತ ಅಶಕ್ತರಾದವರಿಂದ ಶುರು ಮಾಡಬೇಕು. ಅಜ್ಜಿ ಎಷ್ಟು ಹೊತ್ತು ಕುಳಿತಿರಬಲ್ಲರು? ಎರಡು ವರ್ಷದ ಮಗು ಎಷ್ಟು ಗಂಟೆಗೆ ಉಣ್ಣುತ್ತದೆ, ಮಲಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಊರು ಆರಿಸಿ. ಹಾಗೆ ಆರಿಸಿದ ಪ್ರವಾಸ ತಾನಾಗಿಯೇ ಹತ್ತಿರದ್ದಾಗುತ್ತದೆ, ತಾನಾಗಿಯೇ ಅಗ್ಗವಾಗುತ್ತದೆ.

ನಮ್ಮ ಹೆಂಗಸರು ಪ್ರಯಾಣದಲ್ಲಿ ನೀರು ಕುಡಿಯುವುದಿಲ್ಲ. ನಾಚಿಕೆಯಿಂದ ಹೇಳುವುದೂ ಇಲ್ಲ. ಏಪ್ರಿಲ್-ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ ಬೆವರಾಗಿ ನೀರು ಹೋಗುತ್ತಲೇ ಇರುತ್ತದೆ. ಕುಡಿಯದೆ, ಬಂದ ಮೂತ್ರವನ್ನೂ ತಡೆದುಕೊಂಡರೆ ಮೂತ್ರಕೋಶದಲ್ಲಿ ರೋಗಾಣುಗಳು ಬೆಳೆಯಲು ಅನುಕೂಲವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಎರಡು ಗಂಟೆಗೊಮ್ಮೆ ಶೌಚಾಲಯ ಇರುವಲ್ಲಿ ನಿಲ್ಲಿಸಬೇಕೆಂದು ಚಾಲಕರಿಗೆ ಹೊರಡುವ ಮೊದಲೇ ಹೇಳಿ. ಹೇಳುವ ಕೆಲಸ ಮನೆಯ ಗಂಡಸರದ್ದು. ಅಜ್ಜಿ ಕೇಳಲಿ ಎಂದು ಕಾಯಬೇಡಿ. ಅವರ ಕೈಗೆ ಅವರದೇ ಒಂದು ನೀರಿನ ಬಾಟಲಿ ಕೊಡಿ, ಸಂಜೆ ಅದು ಖಾಲಿಯಾಗಿದೆಯೇ ಎಂದು ನೋಡಿ. ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಅದನ್ನು ನಿಲ್ಲಿಸುವ ಬದಲು, ಪ್ರಯಾಣದ ದಿನ ತಂಗುವ ಜಾಗ ಮುಟ್ಟಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ.

ಇನ್ನು ಎಲ್ಲಿಗೆ ಹೋಗುವುದು? ಕುಂದಾಪುರದಿಂದ ಕೊಲ್ಲೂರು ಸುಮಾರು ೪೦ ಕಿಲೋಮೀಟರ್. ಅಲ್ಲಿಯೇ ಎರಡು ರಾತ್ರಿ ತಂಗಿ. ಬೆಳಗ್ಗೆ ದೇವಿಯ ದರ್ಶನ, ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ, ಸಂಜೆ ಸೌಪರ್ಣಿಕೆಯ ದಂಡೆ. ೧,೩೪೩ ಮೀಟರ್ ಎತ್ತರದ ಕೊಡಚಾದ್ರಿಗೆ ಜೀಪಿನಲ್ಲಿ ಹೋಗುವ ಆಸೆ ಮಕ್ಕಳಿಗೆ ಇರುತ್ತದೆ. ಆದರೆ ಗರ್ಭಿಣಿಯರಿಗೆ, ಬೆನ್ನುನೋವು ಇದ್ದವರಿಗೆ ಆ ಕುಲುಕಾಟ ಬೇಡ. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನು ೧೯೫೭ರಲ್ಲಿ ಮೊದಲು ಗುರುತಿಸಿದ್ದು ಇದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ. ಬೇಸಗೆಯೇ ಅದರ ಕಾಲ.

ಅಷ್ಟೂ ಬೇಡವೆಂದರೆ ಒಂದು ದಿನ ಮರವಂತೆ. ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಕಡಲು, ನಡುವೆ ಹೆದ್ದಾರಿ. ಇದನ್ನು ನೋಡಲು ದೂರದೂರುಗಳಿಂದ ಜನ ಬರುತ್ತಾರೆ, ನಾವು ಬಸ್ಸಿನ ಕಿಟಕಿಯಿಂದ ನೋಡಿ ಸಾಗುತ್ತೇವೆ. ಆದರೆ ಅಲ್ಲಿಯ ಅಲೆ ನಂಬುವಂಥದ್ದಲ್ಲ. ಮಕ್ಕಳು ಮರಳಿನಲ್ಲಿ ಆಡಲಿ, ನೀರಿಗೆ ಇಳಿಯುವುದು ಬೇಡ. ಇನ್ನೊಂದು ದಿನ ಕೋಟತಟ್ಟಿನ ಕಾರಂತ ಥೀಮ್ ಪಾರ್ಕ್. ರಾತ್ರಿ ಹತ್ತಿರದಲ್ಲಿ ಎಲ್ಲಾದರೂ ಮಂದಾರ್ತಿ ಮೇಳದ ಹರಕೆ ಆಟ ಇದ್ದರೆ ಟಿಕೆಟ್ಟಿನ ಖರ್ಚೂ ಇಲ್ಲ. ಬೆಳಗಿನ ತನಕ ಆಟ ನೋಡಿದರೆ ಮರುದಿನ ಮಾತ್ರ ಮನೆಯಲ್ಲೇ ಮಲಗಿ, ಕಾರು ಓಡಿಸಬೇಡಿ.

ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲದಂತೆ ಮಾಡಿದ ಶಕ್ತಿ ಯೋಜನೆ ೨೦೨೩ರ ಜೂನ್ ೧೧ರಂದು ಆರಂಭವಾಯಿತು. ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮ ಕಡೆ ಸರಕಾರಿ ಬಸ್ಸಿನ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ.

ಚೀಲದಲ್ಲಿ ಏನಿರಬೇಕು? ದಿನವೂ ತೆಗೆದುಕೊಳ್ಳುವ ಮಾತ್ರೆ, ಎರಡು ದಿನಕ್ಕೆ ಹೆಚ್ಚಾಗಿಯೇ. ಜನೌಷಧಿ ಕೇಂದ್ರದಲ್ಲಿ ಕೊಂಡರೆ ಖರ್ಚು ಕಡಿಮೆ. ನಾಲ್ಕು ಪೊಟ್ಟಣ ಓ.ಆರ್.ಎಸ್. ಅದು ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಚಹಾ ಚಮಚದಲ್ಲಿ ಮಟ್ಟವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಭೇದಿ ಶುರುವಾದ ಮಗುವಿಗೆ ಮೊದಲು ಬೇಕಾದದ್ದು ಇದು, ಭೇದಿ ನಿಲ್ಲಿಸುವ ಮಾತ್ರೆಯಲ್ಲ. ಬುತ್ತಿಗೆ ಅವಲಕ್ಕಿ, ಚಪಾತಿ, ಬಾಳೆಹಣ್ಣು ಒಳ್ಳೆಯದು. ಕಾಯಿ ಚಟ್ನಿ ಸೆಕೆಗೆ ಬೇಗ ಹಳಸುತ್ತದೆ. ಸಕ್ಕರೆ ಕಾಯಿಲೆಯವರು ಮಧ್ಯಾಹ್ನದ ಬಿಸಿಲಿನಲ್ಲಿ ದೇವಸ್ಥಾನದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಬೇಡಿ. ಸ್ಪರ್ಶ ಕಡಿಮೆಯಾದ ಪಾದಕ್ಕೆ ಸುಟ್ಟದ್ದು ತಿಳಿಯುವುದಿಲ್ಲ, ಹುಣ್ಣಾದಾಗಲೇ ತಿಳಿಯುತ್ತದೆ.

ಕೊನೆಗೊಂದು ಮಾತು. ಹೊರಡುವ ಹಿಂದಿನ ರಾತ್ರಿ ಹನ್ನೆರಡರ ತನಕ ಬುತ್ತಿ ಕಟ್ಟಿ, ಬಂದ ಮರುದಿನ ಹನ್ನೊಂದು ಜನರ ಬಟ್ಟೆ ಒಗೆಯುವ ಗೃಹಿಣಿಗೆ ಅದು ರಜೆಯಲ್ಲ. ಎರಡು ಊರು ಕಡಿಮೆ ನೋಡಿ, ಉಳಿದ ಹಣದಲ್ಲಿ ಎರಡು ಹೊತ್ತು ಹೋಟೆಲಿನಲ್ಲಿ ಊಟ ಮಾಡಿ. ಬಟ್ಟೆ ಎಲ್ಲರೂ ಒಗೆಯಿರಿ.

ನಮ್ಮ ಅಮ್ಮ ಈಗಲೂ ನಮ್ಮೊಡನೆ ಬರುತ್ತಾರೆ. ಊರು ಒಂದೇ, ರಾತ್ರಿ ಎರಡೇ. ಬಾಟಲಿ ಖಾಲಿಯಾಗಿದೆಯೇ ಎಂದು ನೋಡುವ ಕೆಲಸ ನನ್ನದು.