ಹೊಳೆ ಹಿಂದಕ್ಕೆ ಹರಿಯುವುದನ್ನು ನೋಡಲು ಹೊನ್ನಾವರಕ್ಕೆ

ಮಕ್ಕಳೇ, ಕಲಘಟಗಿಯಲ್ಲಿ ಬಿದ್ದ ಮಳೆ ಮತ್ತು ನವಲಗುಂದದಲ್ಲಿ ಬಿದ್ದ ಮಳೆ ಒಂದೇ ಸಮುದ್ರ ಸೇರುವುದಿಲ್ಲ ಎಂದರೆ ನಂಬುತ್ತೀರಾ? ಒಂದೇ ಜಿಲ್ಲೆ, ಒಂದೇ ಮೋಡ. ಆದರೆ ಕುಂದಗೋಳ, ನವಲಗುಂದದ ಎರೆಹೊಲಗಳ ನೀರು ಬೆಣ್ಣಿಹಳ್ಳಕ್ಕೆ ಇಳಿದು, ಮಲಪ್ರಭೆಯನ್ನು ಸೇರಿ, ಕೂಡಲಸಂಗಮದಲ್ಲಿ ಕೃಷ್ಣೆಯೊಳಗೆ ಬೆರೆತು, ತೆಲಂಗಾಣ, ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಕಲಘಟಗಿ ಕಡೆಯ ನೀರು ಹೆಚ್ಚಾಗಿ ಬೇಡ್ತಿ ಹೊಳೆಯದು. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆಯೂ ಅದನ್ನೇ ಸೇರುತ್ತದೆ. ಈ ಹೊಳೆ ಯಲ್ಲಾಪುರದ ಕಾಡು ಹೊಕ್ಕು, ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಕೆಳಗೆ ಹೋದ ಮೇಲೆ ಗಂಗಾವಳಿ ಎಂದು ಹೆಸರು ಬದಲಿಸಿಕೊಂಡು, ಅಂಕೋಲಾ ಮತ್ತು ಗೋಕರ್ಣದ ನಡುವೆ ಅರಬ್ಬೀ ಸಮುದ್ರ ಸೇರುತ್ತದೆ.

ಅಜ್ಜ-ಅಜ್ಜಿಯರೇ, ಶಾಲೆಯ ನಕಾಶೆ ಪುಸ್ತಕ ತೆಗೆಸಿ ಈ ಎರಡು ದಾರಿಗಳನ್ನು ಮೊಮ್ಮಕ್ಕಳ ಬೆರಳಿನಿಂದಲೇ ಗುರುತು ಮಾಡಿಸಿ. ಇದು ಪ್ರವಾಸದ ಮೊದಲ ಪಾಠ, ಮನೆಯಲ್ಲೇ ಆಗುವಂಥದು.

ಎರಡನೆಯದು ಹೊಳೆ ಸಮುದ್ರವನ್ನು ಸೇರುವ ಜಾಗ ನೋಡುವುದು. ಆ ಜಾಗಕ್ಕೆ ಕನ್ನಡದಲ್ಲಿ ಅಳಿವೆ ಎನ್ನುತ್ತಾರೆ. ನಮ್ಮ ಕಡೆಯಿಂದ ಕರಾವಳಿಗೆ ಹೋಗುವ ಪ್ರವಾಸಗಳು ನಿಮಗೆ ಗೊತ್ತೇ ಇವೆ. ರಾತ್ರಿ ಬಸ್ಸು ಹತ್ತುವುದು, ಒಂದೇ ದಿನಕ್ಕೆ ನಾಲ್ಕು ಗುಡಿ, ಸಂಜೆ ಅರ್ಧ ತಾಸು ಸಮುದ್ರ, ಮತ್ತೆ ಬಸ್ಸು. ಸಮುದ್ರದ ನೆನಪು ಎಂದರೆ ಒದ್ದೆಯಾದ ಚಡ್ಡಿ ಮತ್ತು ಚಪ್ಪಲಿಯೊಳಗಿನ ಉಸುಕು. ಅಳಿವೆ ಹಾಗೆ ಅವಸರದಲ್ಲಿ ಕಾಣುವುದಿಲ್ಲ. ಅದಕ್ಕೆ ಒಂದು ಇಡೀ ದಿನ ಬೇಕು, ಕೂತುಕೊಳ್ಳುವ ತಾಳ್ಮೆ ಬೇಕು. ಆ ತಾಳ್ಮೆ ಅಜ್ಜ-ಅಜ್ಜಿಯರ ಹತ್ತಿರ ಇದೆ, ಕೇಳುವ ಪ್ರಶ್ನೆ ಮೊಮ್ಮಕ್ಕಳ ಹತ್ತಿರ ಇದೆ. ಜೋಡಿ ಚೆನ್ನಾಗಿದೆ.

ನಾನು ಹೇಳುವುದು ಹೊನ್ನಾವರ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು, ಅಂಕೋಲಾ, ಕುಮಟಾ ದಾಟಿದರೆ ಸಿಗುವ ಊರು. ಬಸ್ಸಿನಲ್ಲಿ ಐದಾರು ತಾಸಿನ ದಾರಿ. ಅಂಕೋಲಾದಿಂದ ಕುಮಟಾಕ್ಕೆ ಹೋಗುವಾಗ ಒಂದು ದೊಡ್ಡ ಸೇತುವೆ ಬರುತ್ತದೆ. ಆಗ ಮಕ್ಕಳನ್ನು ನಿದ್ದೆಯಿಂದ ಎಬ್ಬಿಸಿ. ಕೆಳಗೆ ಇರುವುದು ಗಂಗಾವಳಿ, ನಮ್ಮ ಬೇಡ್ತಿ.

ಹೊನ್ನಾವರದಲ್ಲಿ ಸಮುದ್ರ ಸೇರುವ ಹೊಳೆ ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಎತ್ತರದಿಂದ ಬೀಳುವ ಅದೇ ಶರಾವತಿ. ಅಷ್ಟು ಗದ್ದಲ ಮಾಡಿ ಬಂದ ಹೊಳೆ ಇಲ್ಲಿಗೆ ಬರುವಷ್ಟರಲ್ಲಿ ಅಗಲವಾಗಿ, ಮೆತ್ತಗಾಗಿ, ನಡುನಡುವೆ ತೆಂಗಿನ ಮರಗಳ ನಡುಗಡ್ಡೆಗಳನ್ನು ಇಟ್ಟುಕೊಂಡು ಕೂತಿರುತ್ತದೆ. ಎಷ್ಟು ಅಗಲ ಎನ್ನುವುದಕ್ಕೆ ಕೊಂಕಣ ರೈಲಿನ ಸೇತುವೆ ನೋಡಿ. ಅದರ ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ರೈಲು ಒಂದು ದಡದಿಂದ ಹೊರಟಾಗ ಡಬ್ಬಿ ಎಣಿಸಲು ಶುರು ಮಾಡಿದರೆ ಸಾವಕಾಶವಾಗಿ ಎಣಿಸಿ ಮುಗಿಸಬಹುದು.

ಇದು ಬಹಳ ಹಳೆಯ ಬಂದರು. 14ನೇ ಶತಮಾನದಲ್ಲಿ ಮೊರಾಕ್ಕೊ ದೇಶದ ಇಬ್ನ್ ಬತೂತಾ ಎಂಬ ಪ್ರವಾಸಿ ಇಲ್ಲಿಗೆ ಬಂದಿದ್ದ. ಊರಿನಲ್ಲಿ ಹುಡುಗಿಯರಿಗೆ 13 ಶಾಲೆಗಳು, ಹುಡುಗರಿಗೆ 23 ಶಾಲೆಗಳು ಇವೆ ಎಂದು ಬರೆದಿಟ್ಟಿದ್ದಾನೆ. ಆರುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ! ನಮ್ಮ ಅಜ್ಜಿಯರಲ್ಲಿ ಎಷ್ಟು ಮಂದಿಗೆ ಶಾಲೆಯ ಹೊಸ್ತಿಲು ದಾಟುವ ಭಾಗ್ಯ ಇತ್ತು, ಕೇಳಿ ನೋಡಿ.

ಈಗ ಮುಖ್ಯ ಕೆಲಸ. ಬೆಳಿಗ್ಗೆ ಹೊಳೆಯ ದಡದಲ್ಲಿ, ದೋಣಿ ನಿಲ್ಲುವ ಜಾಗದ ಹತ್ತಿರ, ನೆರಳಿರುವ ಕಡೆ ಕೂಡಿ. ಒಂದು ಕೋಲಿಗೆ ಗೇಣು ಗೇಣಿಗೆ ದಾರ ಕಟ್ಟಿ, ನೀರಿನ ಅಂಚಿನಲ್ಲಿ ದೊಡ್ಡವರ ಕೈಯಿಂದ ನೆಡಿಸಿ. ಅರ್ಧ ತಾಸಿಗೊಮ್ಮೆ ನೀರು ಯಾವ ದಾರದ ಹತ್ತಿರ ಇದೆ ಎಂದು ಪಟ್ಟಿಯಲ್ಲಿ ಬರೆಯಿರಿ. ಜೊತೆಗೆ ಹೊಳೆಯ ಮೇಲೆ ತೇಲುವ ಎಲೆ, ತೆಂಗಿನ ಸಿಪ್ಪೆ ಯಾವ ಕಡೆ ಹೋಗುತ್ತಿದೆ ಎಂದು ನೋಡಿ. ಮೊದಲು ಸಮುದ್ರದ ಕಡೆ ಹೋಗುತ್ತಿದ್ದ ಎಲೆ ಒಂದು ಹೊತ್ತಿನಲ್ಲಿ ನಿಂತೇ ಬಿಡುತ್ತದೆ. ನೀರು ಬಟ್ಟಲಲ್ಲಿ ಇಟ್ಟ ಹಾಗೆ ಸುಮ್ಮನಿರುತ್ತದೆ. ಆಮೇಲೆ ನಿಧಾನವಾಗಿ, ಎಲೆ ಬಂದ ದಾರಿಯಲ್ಲೇ ವಾಪಸು ಹೊರಡುತ್ತದೆ.

"ಅಜ್ಜಾ, ಹೊಳಿ ಹಿಂದಕ್ಕ ಹರಿಯಾಕ ಹತ್ತೇತಿ!"

"ಹೊಳಿ ಅಲ್ಲೋ ತಮ್ಮಾ, ಸಮುದ್ರ ಒಳಗ ಬರಾಕ ಹತ್ತೇತಿ."

ಇದಕ್ಕೆ ಪುಸ್ತಕದಲ್ಲಿ ಉಬ್ಬರ-ಇಳಿತ ಎನ್ನುತ್ತಾರೆ. ಉತ್ತರ ಕನ್ನಡದ ಜನ ಏರುವ ನೀರಿಗೆ ಭರತ ಎನ್ನುತ್ತಾರೆ. ಚಂದ್ರ ಮತ್ತು ಸೂರ್ಯ ಸಮುದ್ರದ ನೀರನ್ನು ಸೆಳೆಯುವುದರಿಂದ ಇದು ಆಗುತ್ತದೆ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ತಾಸು. ಮರುದಿನ ಎಲ್ಲವೂ ಸುಮಾರು 50 ನಿಮಿಷ ತಡವಾಗಿ ಆಗುತ್ತದೆ, ಏಕೆಂದರೆ ಚಂದ್ರ ಕೂಡ ದಿನವೂ ಅಷ್ಟೇ ತಡವಾಗಿ ಹುಟ್ಟುತ್ತಾನೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಸಪ್ಪೆ. ಅದಕ್ಕೇ ಪ್ರವಾಸದ ದಿನ ಗೊತ್ತುಮಾಡುವ ಕೆಲಸವನ್ನು ಅಜ್ಜಿಗೆ ಬಿಡಿ. ತಿಥಿ ನೋಡುವುದು ಅವರಿಗೆ ಬರುತ್ತದೆ, ಮೀನುಗಾರರೂ ತಿಥಿ ಹಿಡಿದೇ ನೀರಿನ ಲೆಕ್ಕ ಹಾಕುತ್ತಾರೆ. ಆ ದಿನದ ಸರಿಯಾದ ಹೊತ್ತನ್ನು ಮಾತ್ರ ದೋಣಿಯವರ ಬಾಯಿಂದಲೇ ಕೇಳಿಕೊಳ್ಳಿ.

ನೀರು ಇಳಿದಿರುವಾಗ ಕಾಸರಕೋಡಿನ ಕಡೆ ಹೋಗಿ. ಇದು ಹೊಳೆಯ ತೆಂಕಣ ದಡದ ಊರು, ಕೇರಳದ ಕಾಸರಗೋಡು ಅಲ್ಲ. ಅಲ್ಲಿ ಕಾಂಡ್ಲಾ ಗಿಡಗಳ ನಡುವೆ ಅರಣ್ಯ ಇಲಾಖೆ ಹಲಗೆಯ ಕಾಲುದಾರಿ ಮಾಡಿದೆ. ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಮೊಣಕಾಲು ನೋವಿನವರೂ ಕೋಲು ಹಿಡಿದು ನಡೆಯಬಹುದು. ಕಾಂಡ್ಲಾ ಎಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಗಿಡ. ನಮ್ಮ ಹೊಲದಲ್ಲಿ ಒಂದು ವಾರ ನೀರು ನಿಂತರೆ ಹೆಸರು ಕೊಳೆತು ಹೋಗುತ್ತದೆ, ಏಕೆಂದರೆ ಬೇರಿಗೆ ಉಸಿರು ಸಿಗುವುದಿಲ್ಲ. ಕಾಂಡ್ಲಾ ಇದಕ್ಕೊಂದು ಉಪಾಯ ಕಂಡುಕೊಂಡಿದೆ. ಕೆಲವು ಜಾತಿಯ ಗಿಡಗಳ ಬೇರು ಕೆಸರಿನಿಂದ ಮೇಲಕ್ಕೆ, ನೆಲಕ್ಕೆ ಪೆನ್ಸಿಲು ಚುಚ್ಚಿದ ಹಾಗೆ ಎದ್ದು ನಿಂತು ಗಾಳಿ ಕುಡಿಯುತ್ತದೆ. ಇನ್ನು ಕೆಲವು ಗಿಡಗಳು ಬಿಳಲಿನಂಥ ಬೇರುಗಳನ್ನು ಸುತ್ತ ಊರಿ ನಿಂತಿರುತ್ತವೆ. ಬೀಜ ಗಿಡದ ಮೇಲೆಯೇ ಮೊಳೆತು, ನುಗ್ಗೆಕಾಯಿಯಂತೆ ಜೋತಾಡಿ, ಸಸಿಯಾದ ಮೇಲೆ ಕೆಸರಿಗೆ ಬೀಳುತ್ತದೆ. ಭರತ ಬಂದು ಬೀಜವನ್ನು ಕೊಚ್ಚಿಕೊಂಡು ಹೋಗದಿರಲಿ ಎಂದು ತಾಯಿಯೇ ಬೆಳೆಸಿ ಕಳಿಸಿದ ಹಾಗೆ.

ಕೆಸರನ್ನು ಸುಮ್ಮನೆ ಐದು ನಿಮಿಷ ನೋಡಿ. ಮೊದಲು ಏನೂ ಕಾಣುವುದಿಲ್ಲ. ಗದ್ದಲ ನಿಂತ ಮೇಲೆ ತೂತುಗಳಿಂದ ಸಣ್ಣ ಏಡಿಗಳು ಹೊರಗೆ ಬರುತ್ತವೆ. ಅವುಗಳಲ್ಲಿ ಒಂದು ಜಾತಿಯ ಗಂಡು ಏಡಿಗೆ ಒಂದು ಕೈ ಮಾತ್ರ ಬಹಳ ದೊಡ್ಡದು, ಅದನ್ನು ಎತ್ತಿ ಬೀಸಿ ಯಾರನ್ನೋ ಕರೆಯುವ ಹಾಗೆ ಮಾಡುತ್ತದೆ. ಅದೃಷ್ಟವಿದ್ದರೆ ಕೆಸರಿನ ಮೇಲೆ ಕುಪ್ಪಳಿಸುವ ಮೀನು ಕಾಣುತ್ತದೆ. ಹೌದು, ಮೀನೇ. ಮೈ ಒದ್ದೆಯಿದ್ದಷ್ಟು ಹೊತ್ತು ನೀರಿನ ಹೊರಗೆ ಇರಬಲ್ಲದು.

ಒಂದು ಮಾತನ್ನು ದೋಣಿಯಲ್ಲಿ ಕೂತಾಗ ಹೇಳಬೇಕು ಅನ್ನಿಸುತ್ತದೆ. ಅಜ್ಜ-ಅಜ್ಜಿಯರೇ, ನಿಮ್ಮ ಮನೆಗೆ ಮೊದಲು ಕರೆಂಟು ಬಂದದ್ದು ಯಾವಾಗ? ಅದಕ್ಕೂ ಮೊದಲು ಚಿಮಣಿ ದೀಪದ ಬುಡದಲ್ಲಿ ಓದಿದ್ದನ್ನು ಮಕ್ಕಳಿಗೆ ಹೇಳಿ. ನಮ್ಮ ರಾಜ್ಯದ ಊರೂರಿಗೆ ಬೆಳಕು ಕೊಟ್ಟದ್ದರಲ್ಲಿ ಶರಾವತಿಯ ಪಾಲು ದೊಡ್ಡದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಶಕ್ತಿ 1,035 ಮೆಗಾವಾಟ್. ಆ ಯಂತ್ರ ತಿರುಗಿಸಿದ ನೀರು ಬೇಸಿಗೆಯಲ್ಲೂ ಕೆಳಗೆ ಇಳಿದು ಹೊನ್ನಾವರಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿ, ಸಮುದ್ರದ ಉಪ್ಪು ಒಳಗೆ ಬರಬೇಕಾದ ಕಾಲದಲ್ಲೂ ಇಲ್ಲಿ ಸಿಹಿನೀರು ಹೆಚ್ಚು. ಉಪ್ಪು ಕಡಿಮೆಯಾದದ್ದರಿಂದ, ಉಪ್ಪುನೀರನ್ನೇ ನಂಬಿದ್ದ ಬಳಚು ಎಂಬ ಚಿಪ್ಪಿನ ಜೀವಿಗಳು ಈ ಅಳಿವೆಯಲ್ಲಿ ಬಹಳ ಕಡಿಮೆಯಾದವು ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಪಕ್ಕದ ಕುಮಟಾ ತಾಲ್ಲೂಕಿನ ಅಘನಾಶಿನಿ ಹೊಳೆಗೆ ಅಂಥ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಬಳಚು ಆರಿಸುವುದನ್ನು ನೋಡಬಹುದು. ನಮ್ಮ ಮನೆಯ ಬಲ್ಬು ಬೇಡ ಎಂದು ಇದರ ಅರ್ಥವಲ್ಲ. ಬಲ್ಬಿನ ತಂತಿ ಎಲ್ಲಿಯವರೆಗೆ ಹೋಗಿದೆ, ಆ ತುದಿಯಲ್ಲಿ ಯಾರ ಊಟದ ಬುಟ್ಟಿ ಇದೆ ಎಂಬುದು ಮಕ್ಕಳಿಗೆ ಗೊತ್ತಿರಲಿ.

ಮರಳಿನ ದಂಡೆಯಲ್ಲಿ ಆಡುವ ಆಸೆ ಇದ್ದೇ ಇರುತ್ತದೆ. ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಸ್ವಚ್ಛತೆ ಮತ್ತು ಸುರಕ್ಷತೆಗಾಗಿ ನೀಲಿ ಬಾವುಟದ ಮಾನ್ಯತೆ ಸಿಕ್ಕಿತು. ಚಳಿಗಾಲದಲ್ಲಿ ಈ ತೀರಕ್ಕೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಳಿನಲ್ಲಿ ಬಲೆ ಅಥವಾ ಕೋಲಿನ ಬೇಲಿ ಕಂಡರೆ ದೂರ ನಿಂತೇ ನೋಡಿ.

ಇನ್ನು ಗಟ್ಟಿಯಾಗಿ ಹೇಳಬೇಕಾದದ್ದು. ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಾವಿಯ ನೀರು ನಿಂತ ನೀರು. ಅಳಿವೆಯ ನೀರು ಎಳೆಯುವ ನೀರು. ಇಳಿತದ ಹೊತ್ತಿಗೆ ಹೊಳೆಯ ಓಟ ಮತ್ತು ಸಮುದ್ರದ ಸೆಳೆತ ಎರಡೂ ಒಂದೇ ಕಡೆಗೆ ಇರುತ್ತವೆ, ಎಷ್ಟೇ ಗಟ್ಟಿ ಈಜುಗಾರನನ್ನೂ ಹೊರಗೆ ಒಯ್ಯುತ್ತವೆ. ಹೊಳೆಯ ಬಾಯಿಯಲ್ಲಿ ಯಾರೂ ಇಳಿಯಬಾರದು. ಸಮುದ್ರದ ದಂಡೆಯಲ್ಲೂ ಕಾವಲಿನವರು ಇರುವ ಕಡೆ ಮಾತ್ರ, ದೊಡ್ಡವರ ಕೈ ಹಿಡಿದು, ಪಾದ ತೊಯ್ಯುವಷ್ಟೇ. 2024ರ ಡಿಸೆಂಬರಿನಲ್ಲಿ, ಇಲ್ಲಿಂದ ಸ್ವಲ್ಪವೇ ದೂರದ ಮುರ್ಡೇಶ್ವರದಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ನೀರುಪಾಲಾದರು. ನಿಮ್ಮದೇ ವಯಸ್ಸಿನವರು. ಅವರ ಊರಿನಲ್ಲೂ ನಮ್ಮ ಹಾಗೆಯೇ ಸಮುದ್ರವಿಲ್ಲ. ದೋಣಿ ಹತ್ತುವ ಮೊದಲು ಎಲ್ಲರಿಗೂ ತೇಲುವ ಜಾಕೆಟ್ ಇದೆಯೇ ನೋಡಿ, ಅಜ್ಜನಿಗೂ. "ನನಗ ಬ್ಯಾಡ, ನಾ ಬೇಕಾದಷ್ಟು ಹೊಳಿ ನೋಡೇನಿ" ಎಂದು ಅಜ್ಜ ಹೇಳಿದರೆ ಮೊಮ್ಮಗಳು ತಾನೇ ಗುಂಡಿ ಹಾಕಿಬಿಡಲಿ.

ಮಳೆಗಾಲದಲ್ಲಿ ಹೋಗಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳೇ ಮೀನಿಗೆ ಹೋಗದೆ ದಡದಲ್ಲಿ ನಿಂತಿರುತ್ತವೆ. ದಸರೆ ರಜೆಯ ನಂತರ ಫೆಬ್ರವರಿಯವರೆಗೆ ಹವೆ ಚೆನ್ನಾಗಿರುತ್ತದೆ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಸಾಕು, ಎರಡು ದಿನ ಕೆಡುವುದಿಲ್ಲ. ಅಲ್ಲಿಯ ಬಿಸಿಲು ಬೆವರಿನ ಬಿಸಿಲು, ನಮ್ಮ ಒಣ ಬಿಸಿಲಿನ ಹಾಗಲ್ಲ. ಕುಡಿಯುವ ನೀರು ಹೆಚ್ಚು ಇರಲಿ. ಮುರುಗಲ ಹಣ್ಣಿನ ಪಾನಕ ಸಿಕ್ಕರೆ ಬಿಡಬೇಡಿ.

ಬರುವಾಗ ಎರಡು ಸಣ್ಣ ಬಾಟಲಿಗಳಲ್ಲಿ ನೀರು ತನ್ನಿ, ಒಂದು ಸಮುದ್ರದ್ದು, ಒಂದು ಸೇತುವೆಯ ಹತ್ತಿರದ ಹೊಳೆಯದು. ಮೇಲೆ ಹೆಸರು ಬರೆದು ಅಂಟಿಸಿ, ಯಾರಾದರೂ ಕುಡಿದುಬಿಟ್ಟಾರು. ಮನೆಗೆ ಬಂದು ಮೂರು ತಟ್ಟೆಗಳಲ್ಲಿ ಒಂದೊಂದು ಲೋಟ ನೀರು ಹಾಕಿ: ಸಮುದ್ರದ್ದು, ಅಳಿವೆಯದು, ನಿಮ್ಮ ಊರ ನಲ್ಲಿಯದು. ಮಾಳಿಗೆಯ ಮೇಲೆ ಬಿಸಿಲಿಗಿಟ್ಟು, ಕಾಗೆ ಬರದಂತೆ ಸೊಳ್ಳೆಪರದೆಯ ತುಂಡು ಮುಚ್ಚಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಆದ್ದರಿಂದ ಮೊದಲ ತಟ್ಟೆಯಲ್ಲಿ ಬಿಳಿ ಹರಳು ಖಂಡಿತ ಸಿಗುತ್ತದೆ. ಅದನ್ನು ಅಡುಗೆಗೆ ಹಾಕಬೇಡಿ. ಎರಡನೆಯ ತಟ್ಟೆಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ನೀವು ನೀರು ತುಂಬಿಸಿಕೊಂಡದ್ದು ಭರತದ ಹೊತ್ತೋ ಇಳಿತದ ಹೊತ್ತೋ ಎನ್ನುವುದರ ಮೇಲೆ ಇದೆ. ಮೂರನೆಯ ತಟ್ಟೆಯಲ್ಲೂ ತೆಳ್ಳಗೆ ಬಿಳಿ ಗೆರೆ ಕಂಡರೆ ಗಾಬರಿ ಬೇಡ. ಅದು ನಮ್ಮ ನೆಲದ ಸುಣ್ಣ, ಅಜ್ಜಿಯ ಚಹಾ ಪಾತ್ರೆಯ ತಳದಲ್ಲಿ ಕೂತಿರುವಂಥದೇ.